ಅದಿರು ದೂರವಾದಾಗ

ಕಾರ್ಖಾನೆ ಎಲ್ಲಿ ನೆಲೆಯೂರಬೇಕು ಎಂಬುದನ್ನು ಸರ್ಕಾರದ ಆದೇಶಕ್ಕಿಂತ ಹೆಚ್ಚಾಗಿ ಸಾಗಣೆಯ ವೆಚ್ಚ ನಿರ್ಧರಿಸುತ್ತದೆ. ಭದ್ರಾವತಿಯೇ ಇದಕ್ಕೆ ನಿದರ್ಶನ.

ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಅಲ್ಲಿ ಉತ್ಪಾದನೆ ಆರಂಭಿಸಿದಾಗ ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಮರದ ಇದ್ದಿಲು, ಭದ್ರೆಯ ನೀರು, ರೈಲುಮಾರ್ಗ ಎಲ್ಲವೂ ಸಮೀಪದಲ್ಲಿದ್ದವು. ಒಂದು ಟನ್ ಬೀಡುಕಬ್ಬಿಣಕ್ಕೆ ಸುಮಾರು ಒಂದೂವರೆ ಟನ್ ಅದಿರು ಬೇಕು. ಕರಗಿಸಿದಾಗ ತೂಕ ಕಳೆದುಕೊಳ್ಳುವ ಕಚ್ಚಾವಸ್ತು ಕುಲುಮೆಯನ್ನು ತನ್ನತ್ತ ಸೆಳೆಯುತ್ತದೆ ಎಂದು ಜರ್ಮನಿಯ ಆಲ್ಫ್ರೆಡ್ ವೇಬರ್ 1909ರಲ್ಲೇ ವಿವರಿಸಿದ್ದರು.

ಆದರೆ ಇಂಥ ಅನುಕೂಲ ಶಾಶ್ವತವಲ್ಲ. ಇದ್ದಿಲಿನ ಕಾಲ ಮುಗಿಯಿತು. ಕೆಮ್ಮಣ್ಣುಗುಂಡಿಯ ಗಣಿಯೂ ನಿಂತಿತು. ಅತ್ತ ಬಳ್ಳಾರಿ ಸೀಮೆಯ ಅದಿರಿನ ಮಗ್ಗುಲಲ್ಲಿ, ತೋರಣಗಲ್ಲಿನಲ್ಲಿ ಬೃಹತ್ ಉಕ್ಕು ಸ್ಥಾವರ ತಲೆಯೆತ್ತಿತು. ಕಲ್ಲಿದ್ದಲು ಕಡಲು ದಾಟಿ ಬರಬೇಕಾದರೂ ಅದಿರು ಅದರ ಬಾಗಿಲಲ್ಲೇ ಇದೆ. ಸ್ವಂತ ಗಣಿಯಿಲ್ಲದ ಭದ್ರಾವತಿಗೆ ಎರಡೂ ದೂರವಾದವು. 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಅದನ್ನು ಮುಚ್ಚಲು ತೀರ್ಮಾನಿಸಿತು.

ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಕಾರ್ಖಾನೆ ಉಳಿಯಬೇಕೆಂಬ ಕಾರ್ಮಿಕರ ಬೇಡಿಕೆ ನ್ಯಾಯವಾದದ್ದೇ. ಊರಿಗೆ ಊರೇ ಅದರ ನೆರಳಿನಲ್ಲಿ ಬೆಳೆದಿದೆ. ಆದರೆ ಭಾವನೆಯಿಂದ ಕುಲುಮೆ ಉರಿಯದು. ಬಂಡವಾಳದ ಘೋಷಣೆಗೆ ಮುನ್ನ ಅದಿರು ಎಲ್ಲಿಂದ, ಯಾವ ದರಕ್ಕೆ ಎಂಬುದು ಇತ್ಯರ್ಥವಾಗಬೇಕು. ಗಣಿ ದಕ್ಕದಿದ್ದರೆ ಉಳಿದ ದಾರಿ, ಭದ್ರಾವತಿ ಹೆಸರು ಮಾಡಿದ ಮಿಶ್ರಲೋಹದ ಉಕ್ಕು. ಪ್ರತಿ ಟನ್ನಿಗೆ ಹೆಚ್ಚು ಬೆಲೆ ತರುವ ಸರಕಿಗೆ ಸಾಗಣೆಯ ಹೊರೆ ಹಗುರ. ಕುಶಲ ಕಾರ್ಮಿಕರು ಚದುರಿಹೋಗುವ ಮುನ್ನ ಈ ನಿರ್ಧಾರವಾಗಲಿ.