ಕಾಡಿನ ದರ್ಶನ: ಮಕ್ಕಳಿಗೆ ನಾವು ಕೊಡಬೇಕಾದ ಒಂದು ಯಾತ್ರೆ

ಯಾತ್ರೆ ಎಂದರೆ ನಮ್ಮ ರಾಯಚೂರು ಸೀಮೆಯ ಮನೆಗಳಲ್ಲಿ ಪುಣ್ಯಕ್ಷೇತ್ರಗಳ ದರ್ಶನವೆಂದೇ ಅರ್ಥ. ಶ್ರೀಶೈಲ, ಕೂಡಲಸಂಗಮ, ಬಸವಕಲ್ಯಾಣಗಳಿಗೆ ಹೋಗಿಬರುವ ಕುಟುಂಬಗಳು ದೇವದುರ್ಗ, ಮಾನ್ವಿಗಳ ಓಣಿ ಓಣಿಗಳಲ್ಲಿವೆ. ಆ ಸಂಪ್ರದಾಯ ಉಳಿಯಲಿ, ಬೆಳೆಯಲಿ. ಆದರೆ ಮಕ್ಕಳ ರಜೆಯ ಒಂದೆರಡು ದಿನಗಳನ್ನು ಕಾಡಿಗೆ ಮೀಸಲಿಡುವ ರೂಢಿ ನಮ್ಮಲ್ಲಿ ಇನ್ನೂ ಬೇರೂರಿಲ್ಲ. ‘ಮೃಗ ನೋಡಲು ಅಷ್ಟು ದೂರ ಹೋಗಬೇಕೆ? ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಕಾಣುವುದಿಲ್ಲವೆ?’ ಎಂದು ಕೇಳುವ ಹಿರಿಯರೇ ಹೆಚ್ಚು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಾಡಿನಲ್ಲಿ ವಾಹನವೇರಿ ವನ್ಯಮೃಗಗಳನ್ನು ನೋಡುವುದಕ್ಕೆ ಇಂದು ‘ಸಫಾರಿ’ ಎಂಬ ಹೆಸರಿದೆ. ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆಯಲ್ಲಿ ಸಫಾರಿ ಎಂದರೆ ಪ್ರಯಾಣ. ಅದರ ಮೂಲ ಅರಬ್ಬಿಯ ‘ಸಫರ್’. ನಿಜಾಮರ ಆಳ್ವಿಕೆಯನ್ನು ಕಂಡ ನಮ್ಮ ರಾಯಚೂರಿನವರಿಗೆ ‘ಸಫರ್’ ಪರಕೀಯ ಪದವೇನೂ ಅಲ್ಲ. ಒಂದು ಕಾಲದಲ್ಲಿ ಈ ಹೆಸರಿನಲ್ಲಿ ಬೇಟೆ ನಡೆಯುತ್ತಿತ್ತು. ಇಂದು ಬಂದೂಕಿನ ಸ್ಥಾನಕ್ಕೆ ದುರ್ಬೀನು ಬಂದಿದೆ. ಕೊಲ್ಲುವ ಯಾತ್ರೆ ಕಾಣುವ ಯಾತ್ರೆಯಾಗಿದೆ. ಮನುಷ್ಯನ ಮನಸ್ಸು ಒಂದು ಮೆಟ್ಟಿಲು ಮೇಲೇರಿದುದಕ್ಕೆ ಇದೂ ಒಂದು ಸಾಕ್ಷಿ.

ದೂರದ ಕಾಡು, ಹತ್ತಿರದ ಕಾಡು

ಸಫಾರಿ ಎಂದೊಡನೆ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆಗಳು. 1973ರಲ್ಲಿ ದೇಶದಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಅರಣ್ಯಗಳಲ್ಲಿ ಬಂಡೀಪುರವೂ ಒಂದು. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ; 2023ರ ಗಣತಿಯಂತೆ 6,395 ಆನೆಗಳಿವೆ. ಇದು ನಾಡಿನ ಹೆಮ್ಮೆಯೆಂಬುದು ನಿರ್ವಿವಾದ. ಆದರೆ ದೇವದುರ್ಗದ ಒಕ್ಕಲುತನದ ಕುಟುಂಬವೊಂದು ನಾಡಿನ ಈ ತುದಿಯಿಂದ ಆ ತುದಿಗೆ ಹೋಗಿ, ವಸತಿ-ವಾಹನಗಳಿಗೆ ಹಣ ತೆತ್ತು ಬರುವುದು ಸುಲಭದ ಮಾತಲ್ಲ.

ಅದಕ್ಕಾಗಿ ಕೊರಗಬೇಕಾಗಿಲ್ಲ. ನಮ್ಮ ನೆರೆಯಲ್ಲಿಯೇ, ಹಂಪಿಯ ಮಗ್ಗುಲಲ್ಲಿ, ದರೋಜಿ ಕರಡಿಧಾಮವಿದೆ. 1994ರಲ್ಲಿ ಕರಡಿಗಳಿಗೆಂದೇ ಘೋಷಿತವಾದ ಈ ಧಾಮದ ವಿಸ್ತೀರ್ಣ ಸುಮಾರು 82 ಚದರ ಕಿಲೋಮೀಟರು. ಮುಗಿಲು ಮುಟ್ಟುವ ಮರಗಳು ಇಲ್ಲಿಲ್ಲ. ಇರುವುದು ಬಂಡೆಗುಡ್ಡಗಳು, ಮುಳ್ಳುಕಂಟಿ, ಕುರುಚಲು ಕಾಡು. ನಮ್ಮ ಬಿಸಿಲುನಾಡಿನ ಮಕ್ಕಳಿಗೆ ಇದು ಅಪರಿಚಿತ ನೆಲವಲ್ಲ. ತಮ್ಮ ಊರಿನ ಗುಡ್ಡದಂತಹ ಗುಡ್ಡದಲ್ಲಿಯೇ ಇಷ್ಟೊಂದು ಜೀವರಾಶಿ ಅಡಗಿದೆಯೆಂಬ ಅರಿವು ಅವರಿಗೆ ಇಲ್ಲಿ ಆಗುತ್ತದೆ.

ರಾಯಚೂರಿನಿಂದ ಮಾನ್ವಿ, ಸಿಂಧನೂರು, ಗಂಗಾವತಿಗಳ ಮೇಲೆ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಹೊತ್ತಿಗೆ ಆ ಪ್ರದೇಶವನ್ನು ಸೇರಬಹುದು. ಆ ದಾರಿಯೂ ಒಂದು ಪಾಠವೇ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ಮೀಸಲಾದ ಧಾಮವಿದೆ. ಮುಂದೆ ದಾಟುವ ತುಂಗಭದ್ರೆಯಲ್ಲಿ ಸುಮಾರು 34 ಕಿಲೋಮೀಟರು ಉದ್ದದ ಪಾತ್ರವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗಾಗಿ ಘೋಷಿಸಲಾಗಿದೆ. ತೋಳ, ನೀರುನಾಯಿ, ಕರಡಿ, ಈ ಮೂರೂ ಒಂದೇ ದಿನದ ದಾರಿಯಲ್ಲಿವೆ.

ಕಾಯುವುದೇ ಮೊದಲ ಲಾಭ

ಹಿಂದೊಮ್ಮೆ ಮಾನ್ವಿಯ ಕೆಲವು ಕುಟುಂಬಗಳೊಡನೆ ನಾವು ದರೋಜಿಗೆ ಹೋಗಿದ್ದೆವು. ಇಳಿಹೊತ್ತಿನಲ್ಲಿ ಕರಡಿಗಳು ಗುಹೆಗಳಿಂದ ಹೊರಬರುತ್ತವೆ. ಅವುಗಳನ್ನು ಆಕರ್ಷಿಸಲು ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ-ಜೇನುಗಳ ಪಾಕವನ್ನು ಸವರುವ ವಾಡಿಕೆಯಿದೆ. ವೀಕ್ಷಣಾ ಗೋಪುರದಲ್ಲಿ ಎಲ್ಲರೂ ಕುಳಿತು ಎದುರು ಗುಡ್ಡವನ್ನೇ ನೋಡುತ್ತಿದ್ದೆವು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಒಬ್ಬ ಬಾಲಕನ ತಾಳ್ಮೆ ಮುಗಿಯಿತು. ‘ಅಜ್ಜಾರ, ಕರಡಿ ಇನ್ನಾ ಯಾಕ ಬರವಲ್ದು?’ ಎಂದು ಪಿಸುಗುಟ್ಟಿದ. ‘ಅದು ನಮ್ಮ ಆಳಲ್ಲಪ್ಪ, ಕರೆದಾಗ ಬರಲಿಕ್ಕೆ’ ಎಂದು ಹೇಳಿದೆವು. ಅವನು ಮತ್ತೆ ಗುಡ್ಡದ ಕಡೆಗೆ ಮುಖ ಮಾಡಿದ. ಆ ಹೊತ್ತಿನಲ್ಲಿ ಅವನಿಗೆ ನವಿಲು ಕಂಡಿತು, ಮುಂಗುಸಿ ಕಂಡಿತು. ಕೊನೆಗೆ ಕರಿಯ ಬಂಡೆಯೊಂದು ಕದಲಿದಂತಾಗಿ ತಾಯಿಕರಡಿ ಕಾಣಿಸಿಕೊಂಡಿತು. ಅದರ ಬೆನ್ನಿನ ಮೇಲೆ ಎರಡು ಮರಿಗಳು ರೋಮವನ್ನು ಹಿಡಿದು ಕುಳಿತಿದ್ದವು.

ಗುಂಡಿ ಒತ್ತಿದೊಡನೆ ಹುಲಿಯನ್ನೂ ಆನೆಯನ್ನೂ ತೋರಿಸುವ ಪರದೆ ಮಕ್ಕಳಿಗೆ ಎಲ್ಲವನ್ನೂ ಕೊಟ್ಟಿದೆ, ಕಾಯುವುದನ್ನು ಕಲಿಸಿಲ್ಲ. ಕಾಡಿನಲ್ಲಿ ನಾವು ಯಜಮಾನರಲ್ಲ, ಅತಿಥಿಗಳು. ಮೃಗ ಕಂಡರೆ ಅದರ ಕೃಪೆ. ಕಾಣದಿದ್ದರೆ ದೂರುವ ಹಕ್ಕು ನಮಗಿಲ್ಲ. ಈ ವಿನಯವನ್ನು ನೂರು ಉಪದೇಶಗಳಿಗಿಂತ ಒಂದು ಸಂಜೆಯ ಮೌನ ಚೆನ್ನಾಗಿ ಕಲಿಸುತ್ತದೆ.

ಕರಡಿಯ ಬದುಕೂ ತಿಳಿಯತಕ್ಕದ್ದೇ. ಗೆದ್ದಲು ಅದರ ಮುಖ್ಯ ಆಹಾರ. ಅದಕ್ಕೆ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳೇ ಇಲ್ಲ. ಉಗುರುಗಳಿಂದ ಹುತ್ತವನ್ನು ಬಗೆದು, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಆ ಸಂದಿಯಿಂದ ಗೆದ್ದಲನ್ನು ಹೀರುತ್ತದೆ. ನೇರಳೆ, ಕವಳೆಯಂತಹ ಹಣ್ಣುಗಳನ್ನು ತಿಂದು ಬೀಜಗಳನ್ನು ಗುಡ್ಡದ ತುಂಬ ಹರಡುತ್ತದೆ. ಯಾರ ಅಪ್ಪಣೆಯೂ ಇಲ್ಲದೆ ಕಾಡು ಬೆಳೆಸುವ ಕಾಯಕ ಅದರದು.

ಹಗ್ಗದ ಕರಡಿ, ಗುಡ್ಡದ ಕರಡಿ

ನಮ್ಮ ವಯಸ್ಸಿನವರು ಕರಡಿಯನ್ನು ಮೊದಲು ಕಂಡದ್ದು ಕಾಡಿನಲ್ಲಲ್ಲ, ಊರ ಅಗಸಿಯ ಮುಂದೆ. ಕರಡಿ ಆಡಿಸುವವರು ಡಮರು ಬಾರಿಸುತ್ತ ಬಂದರೆ ಊರಿಗೆ ಊರೇ ನೆರೆಯುತ್ತಿತ್ತು. ಅಂಜುವ ಕೂಸುಗಳಿಗೆಂದು ತಾಯಂದಿರು ಕರಡಿಯ ಕೂದಲಿನ ತಾಯಿತ ಕಟ್ಟಿಸುತ್ತಿದ್ದರು. ಅದು ಕುಣಿಯುತ್ತಿದ್ದುದು ಸಂತೋಷದಿಂದಲ್ಲ, ನೋವಿನಿಂದ ಎಂಬುದನ್ನು ಅಂದು ಯಾರೂ ಹೇಳಿಕೊಡಲಿಲ್ಲ. ಮರಿಯಾಗಿದ್ದಾಗಲೇ ತಾಯಿಯಿಂದ ಕಿತ್ತು ತಂದು, ಕಾದ ಸೂಜಿಯಿಂದ ಮೂತಿಯನ್ನು ಚುಚ್ಚಿ ಹಗ್ಗ ಪೋಣಿಸುತ್ತಿದ್ದರು, ಹಲ್ಲುಗಳನ್ನು ಮುರಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ನಿಷೇಧಿಸಿದರೂ ಪದ್ಧತಿ ಬಹುಕಾಲ ನಿಲ್ಲಲಿಲ್ಲ. ಕರಡಿಯನ್ನೇ ನಂಬಿದ್ದ ಬಡ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸಿದ ಮೇಲೆಯೇ, 2009ರ ಹೊತ್ತಿಗೆ, ಈ ಆಟ ನಮ್ಮ ಬೀದಿಗಳಿಂದ ಮರೆಯಾಯಿತು. ಬಿಡುಗಡೆಗೊಂಡ ಅನೇಕ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ದೊರೆಯಿತು.

ಹಗ್ಗದ ಕರಡಿಯನ್ನು ಕಂಡವರು ಗುಡ್ಡದ ಕರಡಿಯನ್ನು ಒಮ್ಮೆ ಕಂಡರೆ ಸಾಕು, ದಯೆ ಎಂದರೇನೆಂದು ವಿವರಿಸಬೇಕಾಗಿಲ್ಲ. ಸ್ವತಂತ್ರವಾಗಿರುವ ಜೀವವನ್ನು ಅದರ ಮನೆಯಲ್ಲಿಯೇ, ಅದನ್ನು ಮುಟ್ಟದೆ, ಕೆಣಕದೆ ನೋಡಿ ಬರುವುದು ಸಫಾರಿಯ ಎರಡನೆಯ ಲಾಭ, ನಮ್ಮ ದೃಷ್ಟಿಯಲ್ಲಿ ದೊಡ್ಡ ಲಾಭ.

ಕಾಡಂಚಿನವರ ಕಷ್ಟ

ಇಲ್ಲೊಂದು ಮಾತನ್ನು ಮರೆಯಲಾಗದು. ನಾವು ನೋಡಿ ಸಂತೋಷಪಟ್ಟು ಮರಳುತ್ತೇವೆ. ಕಾಡಂಚಿನ ರೈತನು ಅದೇ ಮೃಗದೊಡನೆ ಬಾಳಬೇಕು. 2025ರಲ್ಲಿ ಬಂಡೀಪುರ, ನಾಗರಹೊಳೆಗಳ ಅಂಚಿನಲ್ಲಿ ಹುಲಿ ದಾಳಿಗೆ ಜನ ಬಲಿಯಾದಾಗ, ಆ ನವೆಂಬರ್‌ನಲ್ಲಿ ಸರ್ಕಾರ ಅಲ್ಲಿಯ ಸಫಾರಿಯನ್ನು ನಿಲ್ಲಿಸಿ, ಸಿಬ್ಬಂದಿಯನ್ನು ಹಳ್ಳಿಗಳ ರಕ್ಷಣೆಗೆ ತೊಡಗಿಸಬೇಕಾಯಿತು. ನಮ್ಮ ಸಂತೋಷಕ್ಕಿಂತ ಅವರ ಪ್ರಾಣ ದೊಡ್ಡದು.

ಕರಡಿಯೂ ಹೊಲದ ದಾರಿಯಲ್ಲಿ ಹಠಾತ್ತನೆ ಎದುರಾದರೆ ಅಂಜಿ ಮೇಲೆ ಬೀಳುತ್ತದೆ. ಆದುದರಿಂದ ಸಫಾರಿಯಲ್ಲಿ ಮೌನ ಎಷ್ಟು ಮುಖ್ಯವೋ, ಗುಡ್ಡದ ಸಮೀಪದ ಹೊಲಗಳಿಗೆ ನಸುಕಿನಲ್ಲಿ ಹೋಗುವಾಗ ಸದ್ದು ಅಷ್ಟೇ ಮುಖ್ಯ. ಒಂಟಿಯಾಗಿ ಹೋಗಬಾರದು, ಮಾತನಾಡುತ್ತ, ಕೋಲು ಕುಟ್ಟುತ್ತ, ಬೆಳಕು ಹಿಡಿದು ಹೋಗಬೇಕು. ನಮ್ಮ ಸುಳಿವು ಮೊದಲೇ ತಿಳಿದರೆ ಕರಡಿ ತಾನಾಗಿಯೇ ದಾರಿ ಬಿಡುವುದೇ ಹೆಚ್ಚು. ಇಂತಹ ತಿಳಿವಳಿಕೆ ಅರಣ್ಯ ಸಿಬ್ಬಂದಿಯ ಬಾಯಿಂದ ಕೇಳಿದಾಗ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ.

ಮರಳಿ ಬಂದ ಮೇಲೆ

ಸಫಾರಿಯ ನಿಜವಾದ ಫಲ ಕಾಣುವುದು ಊರಿಗೆ ಮರಳಿದ ಮೇಲೆ. ಕಣ್ಣು ಒಮ್ಮೆ ಪಳಗಿತೆಂದರೆ ಕೃಷ್ಣಾ-ತುಂಗಭದ್ರೆಗಳ ನಡುವಿನ ನಮ್ಮ ದೋಆಬ್ ಬೇರೆಯೇ ಆಗಿ ಕಾಣುತ್ತದೆ. ದೇವದುರ್ಗದವರು ತಿಂಥಣಿ ಸೇತುವೆಯನ್ನು ದಾಟಿದರೆ ಸುರಪುರ ತಾಲ್ಲೂಕಿನ ಬೋನಾಳ ಪಕ್ಷಿಧಾಮ ಸಿಗುತ್ತದೆ. ಚಳಿಗಾಲದಲ್ಲಿ ದೂರದೇಶದ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ. ಇವೆಲ್ಲ ನಮ್ಮ ಮನೆಯಂಗಳದ ಸಂಪತ್ತು. ಮಿತಿಮೀರಿ ಮರಳು ತೆಗೆದರೆ ಮೊಸಳೆ ಮೊಟ್ಟೆಯಿಡುವ ದಂಡೆ ಉಳಿಯದು. ಸಿಡಿಮದ್ದು ಹಾಕಿ ಮೀನು ಹಿಡಿದರೆ ನೀರುನಾಯಿ ಬದುಕದು. ಕರಡಿಯ ಬೆನ್ನಿನ ಮರಿಗಳನ್ನು ಕಂಡ ಮಗು ನಾಳೆ ಊರಿನ ಹಿರಿಯನಾದಾಗ ಇಂತಹದಕ್ಕೆ ಸುಮ್ಮನಿರಲಾರದು. ನಾವು ಅಪೇಕ್ಷಿಸುವ ಫಲ ಇದೇ.

ಹೊರಡುವ ಬಂಧುಗಳಿಗೆ ಕೆಲವು ಸೂಚನೆಗಳು. ಮಳೆಗಾಲ ಮುಗಿದ ಮೇಲಿನ ತಿಂಗಳುಗಳೇ ಪ್ರಶಸ್ತ. ನಮ್ಮ ಬೇಸಿಗೆಯಲ್ಲಿ ಮಕ್ಕಳು ಬಳಲುತ್ತಾರೆ. ಸಮಯ, ಶುಲ್ಕಗಳನ್ನು ಅರಣ್ಯ ಇಲಾಖೆಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು. ಮಣ್ಣು ಬಣ್ಣದ, ಎಲೆ ಬಣ್ಣದ ಉಡುಪು ಲೇಸು. ಅತ್ತರು, ಜರತಾರಿ ಬೇಡ. ವಾಹನದಿಂದ ಇಳಿಯಬಾರದು, ಪ್ರಾಣಿಗಳಿಗೆ ತಿನಿಸು ಎಸೆಯಬಾರದು, ಪ್ಲಾಸ್ಟಿಕ್ ಬಿಸುಡಬಾರದು. ಸಿಂಹ, ಹುಲಿಗಳನ್ನೂ ನೋಡಬೇಕೆಂದು ಮಕ್ಕಳು ಹಟ ಮಾಡಿದರೆ ಕಮಲಾಪುರದ ಸಮೀಪದ ಅಟಲ್ ಬಿಹಾರಿ ವಾಜಪೇಯಿ ಪ್ರಾಣಿ ಸಂಗ್ರಹಾಲಯಕ್ಕೆ ಕರೆದೊಯ್ಯಿರಿ. ಆದರೆ ಬೇಲಿಯೊಳಗಿನ ಮೃಗಕ್ಕೂ ಬಯಲಿನ ಮೃಗಕ್ಕೂ ಇರುವ ಭೇದವನ್ನು ಅವರಿಗೆ ತಪ್ಪದೆ ತಿಳಿಸಿರಿ.

ಮಕ್ಕಳಿಗೆ ಹೊಲ-ಮನೆ ಮಾಡಿಡುವುದು ತಂದೆತಾಯಿಗಳ ಧರ್ಮವೆಂದು ನಾವು ತಿಳಿದಿದ್ದೇವೆ. ಆ ಹೊಲದ ಆಚೆಗಿನ ಗುಡ್ಡ, ಗುಡ್ಡದೊಳಗಿನ ಜೀವರಾಶಿ ಇವೂ ಅವರ ಪಾಲಿಗೆ ಬರಬೇಕಾದ ಆಸ್ತಿಯೇ. ಬರುವ ದಸರೆಯ ರಜೆಯಲ್ಲಿ ಒಂದು ದಿನವನ್ನು ಅದರ ಪರಿಚಯಕ್ಕೆ ಮೀಸಲಿಡೋಣ.