ಮಳೆ ಬಿಟ್ಟ ಮೇಲಿನ ಅಂಗಳ

ತುಲಾ ಮಾಸದ ಗುಡುಗು ಅಡಗಿ, ಬೆಳಗಿನ ಬಿಸಿಲು ಗಟ್ಟಿಯಾಗುವ ಹೊತ್ತಿಗೆ ಮಂಗಳೂರಿನ ಮಣ್ಣಗುಡ್ಡದ ಹಳೆಯ ಹೆಂಚಿನ ಮನೆಗಳ ಅಂಗಳ ನೋಡಬೇಕು. ಮೇ ತಿಂಗಳಲ್ಲಿ ಬೂದು ಜಲ್ಲಿ ಹರಡಿಕೊಂಡಿದ್ದ ಜಾಗ ನವೆಂಬರಿಗೆ ಹಸಿರು. ಗೇಟಿನಿಂದ ಜಗಲಿಯವರೆಗೆ ಕಾರಿನ ಚಕ್ರ ಓಡಾಡಿದ ಎರಡು ಗೆರೆ ಬಿಟ್ಟರೆ ಉಳಿದದ್ದೆಲ್ಲ ಗರಿಕೆ, ನೆಲನೆಲ್ಲಿ, ನಾಚಿಕೆಮುಳ್ಳು. ಕಂಪೌಂಡಿನ ಬುಡದಲ್ಲಿ ಚಗತೆ ಮೊಣಕಾಲೆತ್ತರ ಬೆಳೆದಿದೆ. ಆಟಿಯಲ್ಲಿ ಅದರ ಚಿಗುರು ಕೊಯ್ದು ವಡೆ ಮಾಡಿದ ಮನೆಯವರಿಗೇ ಈಗ ಅದರ ಕೋಡು ಒಣಗಿ ಬೀಜ ಸಿಡಿಯುವ ಮೊದಲು ಕಿತ್ತುಬಿಡುವ ಅವಸರ. ಮಾಡಿನ ನೀರು ಬಿದ್ದ ಸಾಲಿನಲ್ಲಿ ಜಲ್ಲಿಯೆಲ್ಲ ಎದ್ದುಹೋಗಿ ಕೆಂಪು ಮಣ್ಣು ಕಾಣುತ್ತಿದೆ. ಅಲ್ಲಿಂದ ಕೊಚ್ಚಿಹೋದ ಕಲ್ಲು ಗೇಟಿನ ಹತ್ತಿರ ದಿಣ್ಣೆಯಾಗಿ ಕೂತಿದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಜಲ್ಲಿ ಹಾಕಿದಲ್ಲೇ ಇರುತ್ತದೆಂದು ಯಾರೂ ಎಣಿಸುವುದಿಲ್ಲ.

ಹಿಂದೆ ಇಂಥ ಅಂಗಳದ ಕಳೆ ತೆಗೆದು ಮಟ್ಟ ಮಾಡಲು ನಾಲ್ಕೈದು ಮಂದಿ ಹಾರೆ ಹಿಡಿದು ಬರುತ್ತಿದ್ದರು. ಮಳೆಗಾಲವಿಡೀ ಪಾಚಿಯಲ್ಲಿ ಕಾಲು ಜಾರದಂತೆ ಹಾಸಿದ ಅಡಿಕೆ ಮರದ ಸೀಳುಗಳನ್ನು ಎತ್ತಿಟ್ಟು, ಅಂಗಳ ಕೆತ್ತಿ, ಮಣ್ಣು ಸಮ ಮಾಡಿ, ಹಲಗೆಯಿಂದ ಬಡಿದು, ಸೆಗಣಿ ಸಾರಿಸಿದರೆ ದೀಪಾವಳಿಗೆ ಅಂಗಳ ತಯಾರು. ಈಗ ಮಣ್ಣಿನ ಮೇಲೆ ಜಲ್ಲಿ ಬಂದಿದೆ, ಹಾರೆ ಹಿಡಿಯುವವರು ಸಿಕ್ಕುವುದಿಲ್ಲ. ಅಡಿಕೆ ತೋಟಗಳಿಗೆಂದು ಬಂದ ಮಿನಿ ಟ್ರ್ಯಾಕ್ಟರು ಟೆಂಪೊ ಹತ್ತಿ ಪೇಟೆಗೂ ಬರತೊಡಗಿದ್ದು ಹೀಗೆ.

ಹದಿನೈದು, ಹದಿನೆಂಟು ಅಶ್ವಶಕ್ತಿಯ ಸಣ್ಣ ಗಾಡಿ. ಕಾರು ನುಗ್ಗುವ ಗೇಟಿನಲ್ಲಿ ಆರಾಮವಾಗಿ ಒಳಬರುತ್ತದೆ. ಹಿಂದೆ ಸಿಕ್ಕಿಸಿದ ಕಬ್ಬಿಣದ ಚೌಕಟ್ಟಿಗೆ ಮುಂದುಗಡೆ ಬಾಚಣಿಗೆಯ ಹಾಗೆ ಹಲ್ಲುಗಳು, ಅದರ ಹಿಂದೆ ಅಡ್ಡಲಾಗಿ ಒಂದು ಬ್ಲೇಡು. ಚಾಲಕ ಇಳಿದು ಮೊದಲು ಅಂಗಳವನ್ನು ಒಂದು ಸುತ್ತು ನಡೆದು ನೋಡುತ್ತಾನೆ. ನೀರಿನ ಪೈಪು ಎಲ್ಲಿ ಹೋಗಿದೆ, ಮರದ ಬೇರು ಎಲ್ಲಿ ಮೇಲೆ ಬಂದಿದೆ, ಚರಂಡಿ ಯಾವ ಮೂಲೆಯಲ್ಲಿದೆ ಎಂದು ಕೇಳಿಕೊಳ್ಳುತ್ತಾನೆ.

"ಸಂಪಿಗೆ ಬೇರಿಗೆ ಮಾತ್ರ ತಾಗಿಸ್ಬೇಡ ಮಾರಾಯ" ಎಂದು ಜಗಲಿಯಿಂದ ಮನೆಯ ಹಿರಿಯಮ್ಮ.

"ಇಲ್ಲಮ್ಮ, ಅಲ್ಲಿಗೆ ಮಿಷನ್ ತರುದೇ ಇಲ್ಲ. ಬಾವಿಕಟ್ಟೆ ಹತ್ರವೂ ಅಷ್ಟೇ, ಕೈಯಲ್ಲೇ ಮಾಡುವ."

ಮೊದಲ ಸುತ್ತಿಗೆ ಹಲ್ಲು ಮಾತ್ರ ಇಳಿಯುತ್ತದೆ, ಎರಡಿಂಚಿಗಿಂತ ಆಳವಿಲ್ಲ. ಇನ್ನೂ ಕೆಳಗಿಳಿದರೆ ಅಡಿಯ ಕೆಂಪು ಮಣ್ಣು ಮೇಲೆದ್ದು ಜಲ್ಲಿಯೊಡನೆ ಕಲಸಿಹೋಗುತ್ತದೆ, ಬರುವ ಮಳೆಗಾಲಕ್ಕೆ ಅದೇ ಕೆಸರು. ಎಂಜಿನ್ನಿನ ಗುಡುಗುಡು ಸದ್ದಿನ ನಡುವೆ ಕಲ್ಲು ಉಜ್ಜಿಕೊಳ್ಳುವ ಕರಕರ. ಹಿಂದೆ ಹಸಿ ಬೇರಿನ ವಾಸನೆ, ಅದರ ಹಿಂದೆ ಹುಳ ಹೆಕ್ಕಲು ಎರಡು ಮೈನಾ. ಗರಿಕೆ ಬಲೆಬಲೆಯಾಗಿ ಎದ್ದು ಬರುತ್ತದೆ. ನಾಚಿಕೆಮುಳ್ಳು ಎಲೆ ಮಡಚಿಕೊಂಡೇ ಬುಡಮೇಲಾಗುತ್ತದೆ. ತಕರಾರು ಇರುವುದು ಕೊನ್ನಾರಿ ಗೆಡ್ಡೆಯದು. ಅದರ ಸರಪಳಿ ತುಂಡಾದರೆ ಒಂದೊಂದು ಗೆಡ್ಡೆಯೂ ಬೇರೆ ಗಿಡವಾಗುತ್ತದೆ. ಆದ್ದರಿಂದ ತಿಳಿದವರು ಬೆಳಿಗ್ಗೆಯೇ ಕೆದಕಿ, ಎದ್ದ ಕಳೆಯನ್ನು ಎರಡು ಮೂರು ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಗೆಡ್ಡೆಸಹಿತ ಬಾಚಿ ತೆಗೆಯುತ್ತಾರೆ. ಮಳೆಯ ನಡುವೆ ಈ ಕೆಲಸ ಮಾಡಿದರೆ ಕಳೆಯನ್ನು ನಾಟಿ ಮಾಡಿದಂತೆಯೇ ಸರಿ.

ನೆಲ ಮಟ್ಟ ಮಾಡುವುದು ನಿಜವಾದ ಕೈಚಳಕ. ರಸ್ತೆ ಮಾಡುವ ದೊಡ್ಡ ಗ್ರೇಡರಿನ ಬ್ಲೇಡು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಇರುತ್ತದೆ. ಹಾಗಾಗಿ ಚಕ್ರದ ಏರಿಳಿತ ಬ್ಲೇಡಿಗೆ ಅಷ್ಟಾಗಿ ತಟ್ಟುವುದಿಲ್ಲ. ಸಣ್ಣ ಟ್ರ್ಯಾಕ್ಟರಿನಲ್ಲಿ ಬ್ಲೇಡು ಬಾಲದಲ್ಲಿದೆ. ಮುಂದಿನ ಚಕ್ರ ದಿಣ್ಣೆ ಹತ್ತಿದರೆ ಬ್ಲೇಡು ನೆಲಕ್ಕೆ ಕಚ್ಚುತ್ತದೆ, ಚಕ್ರ ಗುಂಡಿಗಿಳಿದರೆ ಬ್ಲೇಡು ಮೇಲೇಳುತ್ತದೆ. ಅವಸರ ಮಾಡಿದವನ ಅಂಗಳ ಅಲೆಅಲೆಯಾಗುವುದು ಇದರಿಂದಲೇ. ಈ ಚಾಲಕ ಮೊದಲ ಗೇರಿನಲ್ಲೇ ಹೋಗುತ್ತಾನೆ. ಉದ್ದುದ್ದಕ್ಕೆ ಒಮ್ಮೆ, ಮೂಲೆಯಿಂದ ಮೂಲೆಗೆ ಇನ್ನೊಮ್ಮೆ. ಗೇಟಿನ ಬಳಿಯ ದಿಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಎಳೆತಂದು ಮಾಡಿನ ನೀರಿನ ಸಾಲು ತುಂಬುತ್ತಾನೆ. ಅಂಗಳ ಪೂರ್ತಿ ಚಪ್ಪಟೆಯಾಗಲೂ ಬಾರದು. ಹತ್ತಡಿಗೆ ಮೂರು ನಾಲ್ಕು ಇಂಚಿನ ಇಳಿಜಾರು, ಅದೂ ಮನೆಯ ತಳಪಾಯದಿಂದ ಆಚೆಗೆ. ಕೊನೆಗೆ ಬೇಲಿಯ ಕಬ್ಬಿಣದ ಬಲೆಯ ತುಂಡೊಂದಕ್ಕೆ ಭಾರ ಕಟ್ಟಿ ಎಳೆದರೆ ಬ್ಲೇಡಿನ ಗೆರೆಗಳೂ ಅಳಿಸಿಹೋಗುತ್ತವೆ. ಒಂದಿಷ್ಟು ನೀರು ಚಿಮುಕಿಸಿ ರೋಲರು ಉರುಳಿಸಿದರೆ ಕಲ್ಲು ಕಲ್ಲಿಗೆ ಕಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ, ಇಂಟರ್‌ಲಾಕ್ ಹಾಕಿಸಿದರೆ ಮುಗಿಯಿತಲ್ಲ ಎನ್ನುವವರು ಬೀದಿಗೆ ಹತ್ತು ಮಂದಿ. ಗುರ್ಜಿ ದೀಪೋತ್ಸವಕ್ಕೆ ಹೆಸರಾದ ಈ ಬಡಾವಣೆಯಲ್ಲಿ ಹೆಂಚಿನ ಮನೆಯ ಜಾಗಕ್ಕೆ ಒಂದೊಂದಾಗಿ ಫ್ಲ್ಯಾಟು ಬಂದಿದೆ. ಫ್ಲ್ಯಾಟಿನ ಸುತ್ತ ಮಣ್ಣು ಕಾಣದ ಹಾಗೆ ಕಾಂಕ್ರೀಟು, ಅದರ ಮೇಲೆ ಬಿದ್ದ ಮಳೆಯೆಲ್ಲ ನೇರ ರಸ್ತೆಗೆ. ಜಲ್ಲಿಯ ಅಂಗಳವಾದರೆ ಒಳ್ಳೆಯ ಪಾಲು ನೀರನ್ನು ನೆಲಕ್ಕಿಳಿಸುತ್ತದೆ. ಅಡಿಯ ಮುರಕಲ್ಲು ತೂತುತೂತಿನ ಕಲ್ಲು. ಆ ನೀರು ಅದರೊಳಗಿನಿಂದ ಬಾವಿಗಿಳಿಯುತ್ತದೆ. ನೇತ್ರಾವತಿಯ ತುಂಬೆ ಅಣೆಕಟ್ಟಿನಲ್ಲಿ ಮಟ್ಟ ಕುಸಿದು, 2019ರಲ್ಲೂ 2023ರಲ್ಲೂ ಬೇಸಿಗೆಯಲ್ಲಿ ನಗರಕ್ಕೆ ಸರದಿಯಂತೆ ನೀರು ಬಿಟ್ಟಾಗ ಹಿತ್ತಿಲ ಬಾವಿಯ ಬೆಲೆ ಎಲ್ಲರಿಗೂ ತಿಳಿದಿತ್ತು. ಅಂಗಳವನ್ನು ಮುಚ್ಚುವುದೆಂದರೆ ಆ ಬಾವಿಯ ದಾರಿಯನ್ನೇ ಮುಚ್ಚುವುದು.

ಕಳೆನಾಶಕ ಹೊಡೆಯುವುದಂತೂ ಬೇಡವೇ ಬೇಡ. ಗ್ಲೈಫೋಸೇಟನ್ನು ಕೀಟ ನಿಯಂತ್ರಣದ ಪರವಾನಗಿ ಇದ್ದವರಷ್ಟೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲೇ ಆದೇಶಿಸಿದೆ. ಆದೇಶ ಇಲ್ಲದಿದ್ದರೂ, ಇಪ್ಪತ್ತಡಿ ದೂರದಲ್ಲಿ ಕುಡಿಯುವ ನೀರಿನ ಬಾವಿ ಇರುವಾಗ ಆ ಬಾಟಲಿ ಮನೆಯೊಳಗೆ ಬರಬಾರದು.

ಕಳೆ ಒಣಗಲು ಬಿಟ್ಟ ದಿನಗಳನ್ನು ಬಿಟ್ಟರೆ, ಟ್ರ್ಯಾಕ್ಟರಿನ ಕೆಲಸ ಮುಗಿಯುವುದು ಅರ್ಧ ದಿನದಲ್ಲಿ. ಬಾವಿಕಟ್ಟೆ, ತುಳಸಿಕಟ್ಟೆ, ಸಂಪಿಗೆಯ ಬುಡ ಉಳಿಯುತ್ತವೆ. ಅಲ್ಲಿ ಈಗಲೂ ಹಾರೆಯೇ. ನೆಲನೆಲ್ಲಿಯ ನಾಲ್ಕು ಗಿಡವನ್ನು ಹಿರಿಯಮ್ಮ ಮದ್ದಿಗೆಂದು ಬೇರುಸಹಿತ ಬೇರೆ ತೆಗೆದಿಡುತ್ತಾರೆ. ಉಳಿದ ಕಳೆ ಒಣಗಿ ತೆಂಗಿನ ಬುಡ ಸೇರುತ್ತದೆ. ಇನ್ನು ಮೇ ತಿಂಗಳಲ್ಲಿ ಮೊದಲ ಮಳೆ ಹನಿದು ಎರಡೆಲೆಯ ಮೊಳಕೆ ಕಾಣಿಸಿದಾಗ ಕಬ್ಬಿಣದ ರೇಕಿನಿಂದ ಒಮ್ಮೆ ಮೇಲೆಮೇಲೆ ಕೆದಕಿದರೆ ಸಾಕು. ಆ ಒಂದು ಬೆಳಗಿನ ಕೆಲಸ ತಪ್ಪಿಸಿದ ಮನೆಗೆ ನವೆಂಬರಿನಲ್ಲಿ ಟ್ರ್ಯಾಕ್ಟರು ಇಡೀ ದಿನ ಬೇಕಾಗುತ್ತದೆ.