ಬೀಥೋವನ್‌ನ ಎಫ್ ಮೈನರ್ ಸೊನಾಟ: ರಚನೆ ಮತ್ತು ಸ್ವಭಾವ

ಸೊನಾಟ ಪ್ರಕಾರವನ್ನು ಭಾವವನ್ನು ತುಂಬಿಡುವ ಸಿದ್ಧ ಅಚ್ಚೆಂದು ತಿಳಿಯುವುದುಂಟು. ರಚನೆಯೇ ಭಾವವನ್ನು ನಿರ್ಮಿಸುವ ಬಗೆಗೆ ಬೀಥೋವನ್‌ನ ಓಪಸ್ 2ರ ಮೊದಲ ಪಿಯಾನೊ ಸೊನಾಟ ಉತ್ತಮ ನಿದರ್ಶನ. 1796ರಲ್ಲಿ ವಿಯೆನ್ನಾದಲ್ಲಿ ಪ್ರಕಟವಾದ ಈ ಕೃತಿ ಅವನ ಗುರು ಹೈಡನ್‌ನಿಗೆ ಅರ್ಪಿತವಾಗಿದೆ. ಅಂದಿನ ಪಿಯಾನೊ ಸೊನಾಟಗಳಲ್ಲಿ ಸಾಮಾನ್ಯವಾಗಿ ಎರಡು ಅಥವಾ ಮೂರು ಭಾಗಗಳಿದ್ದರೆ, ಇಲ್ಲಿ ಸಿಂಫನಿಯಲ್ಲಿರುವಂತೆ ನಾಲ್ಕು ಭಾಗಗಳಿವೆ.

ಮೊದಲ ಭಾಗದ ಆರಂಭವಾಕ್ಯ ಎಂಟು ಆವರ್ತಗಳದು. ಎರಡು ಆವರ್ತಗಳ ಏರುಸ್ವರಗಳ ನುಡಿಯೊಂದು ಮೂಡಿ, ಇನ್ನೂ ಎತ್ತರದಲ್ಲಿ ಮರುಕಳಿಸುತ್ತದೆ. ಬಳಿಕ ಅದರ ಕೊನೆಯ ತುಣುಕು ಮಾತ್ರ ಒಂದೊಂದು ಆವರ್ತಕ್ಕೆ ಕುಗ್ಗಿ, ಉತ್ಕರ್ಷಕ್ಕೇರಿ, ಅಪೂರ್ಣವಾಗಿ ನಿಲ್ಲುತ್ತದೆ. ಈ ಸಂಕೋಚನದಿಂದಲೇ ಕೃತಿಯ ಉದ್ವೇಗ ಹುಟ್ಟುತ್ತದೆ. ಎರಡನೆಯ ವಸ್ತು ಇದೇ ನುಡಿಯ ಇಳಿಮುಖ ರೂಪ. ಎ ಫ್ಲ್ಯಾಟ್ ಮೇಜರ್‌ನತ್ತ ಸಾಗಿದರೂ ಅದರ ಮೇಲೆ ಮೈನರ್‌ನ ನೆರಳು ಬಿದ್ದಿದೆ.

ವಸ್ತುಗಳ ವಿಸ್ತರಣೆಯಾದ ಮೇಲೆ ಬರುವ ಪುನರಾಗಮನದಲ್ಲಿ ಈ ಎರಡನೆಯ ವಸ್ತುವೂ ಎಫ್ ಮೈನರ್‌ಗೇ ಒಳಗಾಗುತ್ತದೆ. ಅತಿವೇಗದ ಅಂತಿಮ ಭಾಗದ ನಡುವೆ ಎ ಫ್ಲ್ಯಾಟ್ ಮೇಜರ್‌ನ ಶಾಂತ ಗೀತವೊಂದು ಕೇಳಿಬಂದರೂ ಅದು ನೆಲೆ ನಿಲ್ಲದು. ಕೃತಿ ಮೈನರ್‌ನಲ್ಲಿಯೇ ಮುಕ್ತಾಯವಾಗುತ್ತದೆ.

ಸೊನಾಟದ ಮರಳುವಿಕೆ ಸಮನ್ವಯವನ್ನು ತರುವುದೆಂಬ ನಿರೀಕ್ಷೆ ಸಹಜ. ಇಲ್ಲಿಯಾದರೋ ನಿಯಮದಂತೆ ಎಲ್ಲವೂ ಮರಳುತ್ತದೆ, ಸಮಾಧಾನವೊಂದು ಮಾತ್ರ ಮರಳುವುದಿಲ್ಲ. ಪರಂಪರೆಯ ರೂಪವನ್ನು ಮುರಿಯದೆಯೇ ಅದರಿಂದ ಹೊಸ ಅರ್ಥವನ್ನು ಪಡೆದುದು ಈ ಕೃತಿಯ ವೈಶಿಷ್ಟ್ಯವಾಗಿದೆ.